ಮೆಟ್ಟಿಲೇ ಇಲ್ಲದ ಮನೆಯಲ್ಲಿ ಜಾರಿಬಿದ್ದವರು

"ಮನೇಲಿ ಮೆಟ್ಲು ಜಾರಿ ಬಿದ್ರಂತಲ್ಲಮ್ಮ, ನೆಲ ಒರೆಸಿ ಹಾಗೇ ಬಿಟ್ಟಿದ್ರಾ?"

ನಂಜನಗೂಡಿನ ಆ ನರ್ಸಿಂಗ್ ಹೋಮಿನ ನರ್ಸು ನನ್ನನ್ನು ಹೀಗೆ ಕೇಳಿದಾಗ ನಾನು ಬಾಗಿಲಲ್ಲಿ ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ತಿ. ನರಸೀಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ. ದಾರಿಯುದ್ದಕ್ಕೂ ಬಾಯಲ್ಲಿ ಇದ್ದದ್ದು ಗುಂಜಾ ನರಸಿಂಹಸ್ವಾಮಿಯ ಹೆಸರು ಒಂದೇ. "ನಿಮ್ಮೆಜಮಾನ್ರು ಸ್ವಲ್ಪ ಬಿದ್ದವ್ರೆ, ಬನ್ನಿ" ಎಂದಷ್ಟೇ ಫೋನಿನಲ್ಲಿ ಹೇಳಿದ್ದರು. ಎಲ್ಲಿ ಬಿದ್ದರು, ಹೇಗೆ ಬಿದ್ದರು ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟಿದ್ದರು.

ನಮ್ಮ ಮನೆಗೆ ಮೆಟ್ಟಿಲಿಲ್ಲ. ಸೋಸಲೆಯ ಹತ್ತಿರದ ಹಳ್ಳಿಯಲ್ಲಿ ಗದ್ದೆಯ ಪಕ್ಕ ನೆಲಕ್ಕೆ ಸಮನಾಗಿ ಕಟ್ಟಿದ ಹೆಂಚಿನ ಮನೆ ಅದು. ಜೋರು ಮಳೆ ಬಂದರೆ ಬಾಗಿಲಿಗೆ ಗೋಣಿಚೀಲ ಅಡ್ಡ ಇಡಬೇಕು, ಅಷ್ಟು ಸಮ. ಇರುವುದು ಒಂದು ಹೊಸಿಲು. ಅದನ್ನು ದಿನಾ ತೊಳೆದು ಅರಿಸಿನ ಕುಂಕುಮ ಇಡುವವಳು ನಾನು. ಅಂಥ ಮನೆಯಲ್ಲಿ, ಬೆಳಿಗ್ಗೆಯೇ ಚಿತ್ರಾನ್ನದ ಡಬ್ಬಿ ಹಿಡಿದು ಕೆಲಸಕ್ಕೆ ಹೋದ ಮನುಷ್ಯ, ಮಧ್ಯಾಹ್ನ ಯಾವ ಮೆಟ್ಟಿಲಿನಿಂದ ಜಾರುತ್ತಾನೆ?

ಕೇಳಬೇಕು ಎನ್ನುವಷ್ಟರಲ್ಲಿ ಅವರ ಕಾರ್ಖಾನೆಯ ಸೂಪರ್‌ವೈಸರ್ ಓಡಿಬಂದ. ಹಣೆಯ ಮೇಲೆ ಕುಂಕುಮ, ಕೈಯಲ್ಲಿ ಎಳನೀರು. ನರ್ಸಿಗೂ ನನಗೂ ನಡುವೆ ನಿಂತು, "ಅಮ್ಮ ಗಾಬ್ರಿಯಾಗವ್ರೆ ಸಿಸ್ಟರ್, ನಾನ್ ಮಾತಾಡ್ತೀನಿ" ಎಂದು ನನ್ನನ್ನು ಕಾರಿಡಾರಿನ ಮೂಲೆಗೆ ಕರೆದುಕೊಂಡು ಹೋದ.

"ನೋಡಿ ಅಕ್ಕ, ಏನೂ ಆಗಿಲ್ಲ. ಹಿಮ್ಮಡಿ ಮೂಳೆ ಒಂಚೂರು ಬಿರುಕು. ಯಾರ್ ಕೇಳಿದ್ರೂ ಮನೇಲಿ ಹಿಂದ್ಗಡೆ ಎರಡು ಮೆಟ್ಲವೆ, ಅಲ್ಲಿ ಜಾರಿದ್ರು ಅನ್ನಿ. ಆಸ್ಪತ್ರೆದೆಲ್ಲ ಕಂಪ್ನಿ ನೋಡ್ಕೊಳ್ತದೆ. ನಾಳೆ ಬೆಳಿಗ್ಗೆ ನಮ್ ಗಾಡೀಲೇ ಮನೆಗ್ ಬಿಡ್ತೀವಿ."

"ಇಲ್ಲದಿರೋ ಮೆಟ್ಲಿಂದ ಎಂಗೆ ಬೀಳ್ತಾರಪ್ಪ?" ಎಂದೆ.

"ಅಯ್ಯೋ ಅಕ್ಕ, ನಿಮ್ ಮನೆ ನೋಡೋಕೆ ಯಾರ್ ಬತ್ತಾರೆ?"

ಆ ಮನುಷ್ಯನ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಆ ಕ್ಷಣದಲ್ಲಿ. ಅದಾದ ಮೇಲೆ ಅವನು ಅದನ್ನು ಕಡಿಮೆ ಮಾಡುವಂಥದ್ದು ಏನೂ ಮಾಡಲಿಲ್ಲ.

ನಡೆದದ್ದನ್ನು ಮನೆಯವರು ಹಾಸಿಗೆಯ ಮೇಲೆ ಮಲಗಿ ಪಿಸುಮಾತಿನಲ್ಲಿ ಹೇಳಿದರು. ಅವರು ಅಲ್ಲಿ ಮೇಂಟೆನೆನ್ಸ್ ಕೆಲಸದವರು. ಬಲ್ಬು, ಬೆಲ್ಟು, ಮೋಟರು, ಏನು ಕೆಟ್ಟರೂ ಅವರೇ. ಮಾರನೆಯ ದಿನ ಆಯುಧಪೂಜೆ. ಅದರ ಹಿಂದಿನ ದಿನ ಕಾರ್ಖಾನೆಯಲ್ಲಿ ಯಂತ್ರ ನಿಲ್ಲಿಸಿ ತೊಳೆದು, ನೆಲಕ್ಕೆ ಸೋಪಿನ ನೀರು ಹಾಕಿ ಉಜ್ಜಿ, ಕಣ್ಣಿಗೆ ಕಂಡ ಕಬ್ಬಿಣಕ್ಕೆಲ್ಲ ಬಣ್ಣ ಬಳಿಯುತ್ತಾರೆ. ಏಣಿಗೂ ಹಳದಿ ಬಣ್ಣ ಬಳಿದಿದ್ದರು. ಕಬ್ಬಿಣದ ಪೈಪಿನ ಏಣಿ ಅದು. ಜಾರಬಾರದೆಂದು ಅದರ ಎರಡು ಪಾದಗಳಿಗೆ ರಬ್ಬರಿನ ಬುಷ್ಷು ಹಾಕಿರುತ್ತಾರೆ. ಬಣ್ಣ ಬಳಿಯುವವರು ಪಾದದ ತುದಿಯವರೆಗೂ ಹಳದಿ ಆಗಲಿ, ನಾಳೆ ದೇವರ ಮುಂದೆ ಚೆನ್ನಾಗಿ ಕಾಣಲಿ ಎಂದು ಆ ಬುಷ್ಷುಗಳನ್ನು ಕಿತ್ತು ಕಿಟಕಿಯ ಮೇಲಿಟ್ಟರು. ಬಣ್ಣ ಒಣಗಿತು. ಬುಷ್ಷು ಕಿಟಕಿಯ ಮೇಲೆಯೇ ಕೂತಿತ್ತು.

ಊಟದ ನಂತರ ಸೂಪರ್‌ವೈಸರ್‌ನ ಕಣ್ಣು ಮೇಲಕ್ಕೆ ಹೋಯಿತು. ವೈರುಗಳು ಹಾದುಹೋಗುವ ತಟ್ಟೆಯ ಸುತ್ತ ಜೇಡರ ಬಲೆ. ಪೂಜೆಗೆ ಮ್ಯಾನೇಜರು ಬರುತ್ತಾರೆ, ಬಲೆ ಇರಬಾರದು. ನಮ್ಮವರು, "ಸಾ, ಬುಷ್ಷಿಲ್ಲ, ನೆಲ ಸೋಪು" ಎಂದರಂತೆ. ಅದಕ್ಕವನು, "ಪೊರಕೆ ತಕೊಂಡು ಹತ್ತಯ್ಯ, ಒಂದ್ ನಿಮಿಷದ ಕೆಲ್ಸ, ಏಣಿ ನಾನ್ ಹಿಡ್ಕೊಂಡಿರ್ತೀನಿ" ಎಂದನಂತೆ. ಹಿಡಿದದ್ದೂ ನಿಜ. ಹಿಡಿದುಕೊಂಡಿರುವಾಗಲೇ ಗೇಟಿಗೆ ಬಾಳೆಕಂದಿನ ಆಟೊ ಬಂತು. ಬಾಳೆಕಂದು ಎಲ್ಲಿ ಕಟ್ಟಬೇಕೆಂದು ತೋರಿಸಲು ಅವನು ಏಣಿ ಬಿಟ್ಟು ಹೋದ. ಮೇಲಿರುವವರಿಗೆ ಹೋಗುತ್ತೇನೆ ಎಂದು ಒಂದು ಮಾತು ಹೇಳಲಿಲ್ಲ. ಬಲೆಗೆಂದು ನಮ್ಮವರು ಕೈ ಚಾಚಿದರು. ಏಣಿಯ ಪಾದ ಸೋಪಿನ ನೀರಿನ ಮೇಲೆ ಸರಿದು ಹಿಂದಕ್ಕೆ ಹೋಯಿತು. ಇಬ್ಬರು ಆಳಿನ ಎತ್ತರದಿಂದ ನಿಂತ ಭಂಗಿಯಲ್ಲೇ ಕೆಳಗೆ ಬಂದರು.

ತಲೆ ಬಡಿಯಲಿಲ್ಲ, ಪಕ್ಕದ ಯಂತ್ರ ಓಡುತ್ತಿರಲಿಲ್ಲ. ಇವೆರಡನ್ನು ನಾನು ಆಗಲೇ ಎಣಿಸಿಟ್ಟುಕೊಂಡೆ. ಸಣ್ಣ ಉಪಕಾರಗಳನ್ನು ಎಣಿಸುವುದು ನನಗೆ ಅಭ್ಯಾಸ. ದೊಡ್ಡವು ನಮ್ಮಂಥವರ ಮನೆಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ.

"ಮತ್ತೆ ಮನೇಲಿ ಬಿದ್ದೆ ಅಂತ ಯಾಕೆ ಅಂದ್ರಿ?" ಎಂದು ಕೇಳಿದೆ.

"ಗೇಟಲ್ಲಿ ಒಂದು ಬೋರ್ಡು ಇಟ್ಟವ್ರೆ ಕಣಮ್ಮಿ. ಅಪಘಾತ ಇಲ್ಲದೆ ಇಷ್ಟು ದಿನ ಆಯ್ತು ಅಂತ ದಿನಾ ಅಂಕಿ ಬದಲಾಯಿಸ್ತಾರೆ. ನಾಳೆ ಅದಕ್ಕೂ ಪೂಜೆ, ಹಾರ ಬೇರೆ ತರ್ಸವ್ರೆ. ಮ್ಯಾನೇಜರ್ ಅದರ ಮುಂದೆ ಫೋಟೊ ತೆಗ್ಸಿ ಮೇಲಕ್ಕೆ ಕಳಿಸ್ಬೇಕಂತೆ. ನಾನ್ ಬಿದ್ದೆ ಅಂದ್ರೆ ಅಂಕಿ ಸೊನ್ನೆ ಆಯ್ತದೆ. ಮುಂದೆ ನಾನು ಅಲ್ಲೇ ಕೆಲ್ಸಕ್ಕೆ ಓಗ್ಬೇಕಲ್ಲ. ನೀನು ಸುಮ್ಕಿರು."

ಅಂದರೆ ಬೋರ್ಡಿಗೆ ಹಾರ ಬೇಕು, ನನ್ನ ಗಂಡನಿಗೆ ಮೆಟ್ಟಿಲು ಬೇಕು. ಬಾಯಿಗೆ ಬಂದ ಮಾತನ್ನು ದೇವರ ಹೆಸರು ಹೇಳಿ ನುಂಗಿಕೊಂಡೆ.

ಬೆಳಗಾಗುವಷ್ಟರಲ್ಲಿ ಆ ಮೆಟ್ಟಿಲು ಬರೀ ಬಾಯಿಮಾತಾಗಿ ಉಳಿಯಲಿಲ್ಲ. ಎಡಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಪಟ್ಟಿ ಹಾಕಿದ್ದರು. ಆದರೆ ನಮ್ಮವರು ನರಳುತ್ತಿದ್ದದ್ದು ಸೊಂಟಕ್ಕೆ. ನರ್ಸಿಗೆ ಹೇಳಿದರೆ, "ಎರಡು ಮೆಟ್ಲಿಂದ ಬಿದ್ರೆ ಸೊಂಟ ಉಳುಕ್ತದೆ, ಮುಲಾಮು ಹಚ್ಚಿ" ಎಂದಳು. ಅವಳ ತಪ್ಪಲ್ಲ. ಅವಳಿಗೆ ಹೇಳಿದ್ದೇ ಎರಡು ಮೆಟ್ಟಿಲು. ವಾಕರ್ ತಂದು ಮಂಚದ ಪಕ್ಕ ಇಟ್ಟಳು. ಡಾಕ್ಟರು ಬಂದು ನೋಡಿದ ಮೇಲೆ ಎಬ್ಬಿಸಿ ನಿಲ್ಲಿಸಿ ಮನೆಗೆ ಕಳಿಸುವುದೆಂದು ಗೊತ್ತಾಗಿತ್ತು.

ನಾನು ಕಾಫಿ ಕುಡಿಸಲು ತಲೆದಿಂಬು ಎತ್ತಿದೆ. ಅವರು ಹಲ್ಲು ಕಚ್ಚಿ, "ಬ್ಯಾಡ, ಕಾಲು ಜೋಮು ಹಿಡೀತದೆ" ಎಂದರು. ಯಾವ ಕಾಲು ಎಂದೆ. ಪ್ಲಾಸ್ಟರ್ ಹಾಕದ ಬಲಗಾಲು. ಪಾದ ಮುಟ್ಟಿದರೆ ಬಟ್ಟೆಯ ಮೇಲಿಂದ ಮುಟ್ಟಿದ ಹಾಗಿದೆ ಎಂದರು. ಮೂತ್ರಕ್ಕೆ ಬಂದ ಹಾಗಾಗುತ್ತದೆ, ಹೋಗುವುದಿಲ್ಲ ಎಂದರು. ಹಿಮ್ಮಡಿಯ ಬಿರುಕಿಗೂ ಮೂತ್ರಕ್ಕೂ ಏನು ಸಂಬಂಧ?

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ಹೊಸ ಅಂಗಿ. ಕೈಯಲ್ಲಿ ಕಡ್ಲೆಪುರಿ, ಬಾಳೆಹಣ್ಣು ತುಂಬಿದ ಕವರು. "ಪೂಜೆ ಪ್ರಸಾದ ಅಕ್ಕ. ಒಂದ್ ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ಪೂಜೆಗೆ ಇಟ್ಟಿದ್ದ ಏಣಿ ಹತ್ತಬಾರದಿತ್ತು ಅವ್ನು. ದೇವ್ರು ಮುನಿದ್ರೆ ಹಿಂಗೇ."

ಹತ್ತಿಸಿದವನೇ ಹೇಳುತ್ತಿದ್ದಾನೆ. ಹಿಡಿದ ಕೈ ಬಿಟ್ಟುಹೋದವನು ತನ್ನ ಕೈಯನ್ನು ದೇವರ ಮೈಗೆ ಒರೆಸುತ್ತಿದ್ದಾನೆ. ನಾನು ನಂಬಿದ ದೇವರು ಬುಷ್ಷು ಕಿತ್ತು ಕಿಟಕಿಯ ಮೇಲಿಡುವುದಿಲ್ಲ, ಬಾಳೆಕಂದು ನೋಡಲು ಓಡುವುದೂ ಇಲ್ಲ. ಆ ಪ್ರಸಾದವನ್ನು ಕಣ್ಣಿಗೊತ್ತಿಕೊಂಡೆ, ಏಕೆಂದರೆ ಅದು ಪ್ರಸಾದ. ಕೊಟ್ಟವನ ಮುಖ ನೋಡಲಿಲ್ಲ.

ಡಾಕ್ಟರು ಬಂದರು. ಹಿಂದೆ ನರ್ಸು, ಅವಳ ಪಕ್ಕ ಈ ಮಹಾನುಭಾವ. "ಏನಪ್ಪ, ಎದ್ದು ನಿಲ್ತೀಯ?" ಎಂದು ಡಾಕ್ಟರು ವಾಕರ್ ಹತ್ತಿರ ಎಳೆದರು. ನಮ್ಮವರು ನನ್ನ ಕಡೆ ನೋಡಿದರು. ಸುಮ್ಮನಿರು ಎಂದು ಆ ಕಣ್ಣು ಹೇಳುತ್ತಿತ್ತು. ಮದುವೆಯಾದಾಗಿನಿಂದ ನಾಲ್ಕು ಜನರ ಮುಂದೆ ಅವರ ಮಾತು ಮೀರಿದವಳಲ್ಲ ನಾನು.

"ಡಾಕ್ಟ್ರೇ, ನಿಲ್ಸಬ್ಯಾಡಿ. ನಮ್ ಮನೇಲಿ ಮೆಟ್ಲೇ ಇಲ್ಲ" ಎಂದೆ.

ಡಾಕ್ಟರು ನನ್ನ ಕಡೆ ತಿರುಗಿದರು.

"ಇವ್ರು ಫ್ಯಾಕ್ಟ್ರೀಲಿ ಏಣಿಯಿಂದ ಬಿದ್ದಿದ್ದು. ಇಬ್ರು ಆಳುದ್ದದಿಂದ. ನಿಂತ ಕಾಲ ಮೇಲೇ ಬಿದ್ದವ್ರೆ. ಈಗ ಬಲಗಾಲು ಜೋಮು, ಉಚ್ಚೆ ಓಗ್ತಿಲ್ಲ."

ಡಾಕ್ಟರು ವಾಕರನ್ನು ಕಾಲಿನಿಂದಲೇ ಆಚೆಗೆ ತಳ್ಳಿದರು. "ಯಾರೂ ಎತ್ಬೇಡಿ! ದಿಂಬು ತೆಗೀರಿ. ಚಪ್ಪಟೆ ಮಲಗ್ಸಿ." ಆಮೇಲೆ ಸೂಪರ್‌ವೈಸರ್ ಕಡೆ ತಿರುಗಿ, "ಎರಡು ಮೆಟ್ಲು ಅಂದ್ಯಲ್ಲಯ್ಯ? ಎತ್ತರದಿಂದ ಹಿಮ್ಮಡಿ ಮೇಲೆ ಬಿದ್ದೋರಿಗೆ ಮೊದಲು ಬೆನ್ನುಮೂಳೆ ನೋಡ್ಬೇಕು. ಈಗ ಇವರನ್ನ ನಿಲ್ಲಿಸಿಬಿಟ್ಟಿದ್ರೆ?" ಎಂದರು.

"ಗಾಬ್ರೀಲಿ ಹಂಗ್ ಬಂತು ಸಾ" ಎಂದ ಅವನು. ಗಾಬರಿಯಲ್ಲಿ ಮೆಟ್ಟಿಲಿನ ಲೆಕ್ಕ ಸಹ ಬಂದಿತ್ತಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಹೊದಿಕೆಯ ನಾಲ್ಕು ಮೂಲೆ ಹಿಡಿದು, ಮೈ ಬಗ್ಗದ ಹಾಗೆ ಸ್ಟ್ರೆಚರಿಗೆ ಜಾರಿಸಿ ಎಕ್ಸ್‌ರೇ ಕೋಣೆಗೆ ಕೊಂಡುಹೋದರು. ಅಲ್ಲಿ ನೋಡಿದರೆ ಯಂತ್ರಕ್ಕೆ ಚೆಂಡುಹೂವಿನ ಹಾರ, ವಿಭೂತಿ, ಕುಂಕುಮ. ಕೆಳಗೆ ನಿಂಬೆಹಣ್ಣು. ಯಂತ್ರ ನೋಡಿಕೊಳ್ಳುವವನು, "ಸಾರ್, ಈಗಷ್ಟೇ ಪೂಜೆ ಆಗಿದೆ. ಇವತ್ತು ಮುಟ್ಟೋದಿಲ್ವಲ್ಲ" ಎಂದು ತಡವರಿಸಿದ. ಅವನನ್ನು ನಾನು ಬಯ್ಯಲಾರೆ. ನಮ್ಮ ಮನೆಯಲ್ಲೂ ಆ ದಿನ ಕುಡುಗೋಲು, ಈಳಿಗೆಮಣೆ ಮುಟ್ಟುವುದಿಲ್ಲ. ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟುಕೊಳ್ಳುತ್ತೇನೆ.

ಆದರೂ ಹೇಳಿದೆ: "ಹಾರ ತೆಗಿಯಪ್ಪ. ದೇವರಿಗೆ ನಾನ್ ಏಳ್ಕೊತೀನಿ."

ಡಾಕ್ಟರೇ ಕೈಹಾಕಿ ಹಾರ ತೆಗೆದರು. ನಾನು ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಹೊರಗೆ ನಿಂತೆ. ಅಲ್ಲೇ ಇನ್ನೊಂದು ಉಪಕಾರ ಎಣಿಸಿದೆ. ಪೂಜೆಯ ದಿನ ಕೆಲಸ ಮಾಡಿದ ಯಂತ್ರ ಸತ್ಯವನ್ನೇ ತೋರಿಸಿತು. ಸೊಂಟದ ಮೇಲ್ಭಾಗದಲ್ಲಿ ಬೆನ್ನಿನ ಒಂದು ಮೂಳೆ ಒಡೆದಿತ್ತು. ಚೂರು ನರದ ಕಡೆಗೆ ವಾಲಿರಬಹುದು, ಕೂರಿಸಿದರೂ ನಿಲ್ಲಿಸಿದರೂ ನರ ಒತ್ತಿಕೊಂಡು ಎರಡು ಕಾಲೂ ಹೋಗಬಹುದು, ತಡಮಾಡದೆ ಮೈಸೂರಿಗೆ ಹೋಗಿ ಎಂದರು.

ಅಂಬುಲೆನ್ಸಿನಲ್ಲಿ ನಮ್ಮವರು ನನ್ನ ಜೊತೆ ಮಾತಾಡಲಿಲ್ಲ. ಕಪಿಲೆಯ ಸೇತುವೆ ದಾಟುವಾಗ ದೇವಸ್ಥಾನದ ಕಡೆಗೆ ನಾನು ಕೈಮುಗಿದೆ. ಆಗ ಮಾತ್ರ, "ನಂಗೂ ಸೇರ್ಸಿ ಮುಗಿ" ಎಂದರು. ನನಗೆ ಅಷ್ಟು ಸಾಕಾಗಿತ್ತು.

ಮೈಸೂರಿನಲ್ಲಿ ಆಪರೇಷನ್ ಆಯಿತು. ಒಡೆದ ಮೂಳೆಯ ಮೇಲೆ ಕೆಳಗೆ ಸ್ಕ್ರೂ ಹಾಕಿ, ಸರಳು ಕೂರಿಸಿದರು. "ಕಾಲು ಪೂರಾ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು. ನಿಲ್ಲಿಸದೆ ತಂದದ್ದು ಒಳ್ಳೆಯದಾಯಿತು" ಎಂದು ಅಲ್ಲಿಯ ದೊಡ್ಡ ಡಾಕ್ಟರು ಹೇಳಿದರು. ಅಲ್ಲಿಯೂ ಕೇಳಿದರು, ಹೇಗೆ ಬಿದ್ದರು ಎಂದು. ಏಣಿ, ಸೋಪು, ಬುಷ್ಷು, ಎಲ್ಲ ಹೇಳಿದೆ. ನಮ್ಮವರು ಗೋಡೆಯ ಕಡೆ ಮುಖಮಾಡಿ ಮಲಗಿದ್ದರು.

ನನ್ನ ಕೆಲಸ ಶುರುವಾದದ್ದು ಆಮೇಲೆ. ಮಲಗಿದ ಮನುಷ್ಯನನ್ನು ಮಗ್ಗುಲು ಬದಲಾಯಿಸುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಆಯಾ ಕಲಿಸಿದಳು. ಹೆಗಲು, ಸೊಂಟ, ಮೊಣಕಾಲು ಮೂರೂ ಒಟ್ಟಿಗೆ ತಿರುಗಬೇಕು, ಮರದ ದಿಮ್ಮಿ ಉರುಳಿಸಿದ ಹಾಗೆ. ಹೆಗಲು ಮುಂದೆ ಹೋಗಿ ಸೊಂಟ ಹಿಂದೆ ಉಳಿದರೆ ಬೆನ್ನು ತಿರುಚುತ್ತದೆ. ಅಡಿಯಲ್ಲಿ ಮಡಿಸಿದ ಹೊದಿಕೆ ಹಾಸಿಟ್ಟಿರಬೇಕು, ಎಳೆಯಬೇಕಾದದ್ದು ಹೊದಿಕೆಯನ್ನು, ಮೈಯನ್ನಲ್ಲ. ತಿರುಗಿಸಿದ ಮೇಲೆ ಬೆನ್ನಿಗೊಂದು ದಿಂಬು, ಮೊಣಕಾಲಿನ ನಡುವೆ ಒಂದು. ಪ್ರತಿ ಸಲವೂ ಹಿಂಭಾಗ, ಹಿಮ್ಮಡಿ, ಮೊಣಕೈ ನೋಡಬೇಕು. ಚರ್ಮ ಕೆಂಪಗಾಗಿ, ಬೆರಳಿಂದ ಒತ್ತಿದರೂ ಬಿಳಿಯಾಗದಿದ್ದರೆ ಹುಣ್ಣು ಬರುತ್ತಿದೆ ಎಂದರ್ಥ. ಒದ್ದೆ ಇರಬಾರದು, ಹಾಸಿಗೆಯಲ್ಲಿ ಒಂದು ಸುಕ್ಕೂ ಇರಬಾರದು. ಸುಕ್ಕಿಲ್ಲದೆ ಹಾಸುವುದು ನನಗೆ ಬರುತ್ತದೆ. ಅವರಿಗೆ ಒಂದು ಹುಣ್ಣೂ ಆಗಲಿಲ್ಲ. ನನ್ನ ಕೈಗೆ ಆ ದೇವರು ಕೊಟ್ಟ ಬುದ್ಧಿಗೆ ಇವತ್ತಿಗೂ ಋಣಿ.

ನಾವು ಇನ್ನೂ ಆಸ್ಪತ್ರೆಯಲ್ಲೇ ಇರುವಾಗ ಒಂದು ಮಧ್ಯಾಹ್ನ ಪಕ್ಕದ ಮನೆ ಅಕ್ಕ ಫೋನು ಮಾಡಿದಳು. ಮನೆಯ ಬೀಗದ ಕೈ, ಹಸು, ತುಳಸಿಗೆ ನೀರು, ಎಲ್ಲ ಅವಳ ಪಾಲಿಗೆ ಬಿಟ್ಟಿದ್ದೆ.

"ಏನಮ್ಮಿ, ಗಂಡ ಆಸ್ಪತ್ರೇಲಿ ಮಲ್ಗಿರುವಾಗ ಮನೆ ರಿಪೇರಿ ಮಾಡಿಸ್ತಿದ್ದೀಯಲ್ಲ, ಗಟ್ಟಿಗಿತ್ತಿ ಕಣೆ ನೀನು!"

"ಯಾವ ರಿಪೇರಿಯಕ್ಕ?"

"ಹಿತ್ಲಲ್ಲಿ ಗಾರೆಯವ್ನು ಮೆಟ್ಲು ಕಟ್ತಾವ್ನೆ. ಯಾರೋ ಹೊಸ ಅಂಗಿಯೋನು ಕರ್ಕೊಂಡು ಬಂದವ್ನೆ. ನೀನೇ ಏಳಿದ್ಯಂತೆ!"

ಕಂಪನಿಯವರು ಮನೆಯಲ್ಲೇ ಬಿದ್ದದ್ದೆಂದು ಬರೆದುಕೊಟ್ಟಿದ್ದರು. ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಏಣಿ. ಎರಡು ಕತೆ ಆದುದರಿಂದ ಕಾರ್ಮಿಕ ವಿಮೆಯ ಕಚೇರಿಯವರು ಜಾಗ ನೋಡಲು ಮನೆಗೇ ಬರುವವರಿದ್ದರು. ಯಾರು ನೋಡಲು ಬರುತ್ತಾರೆ ಎಂದಿದ್ದವನಿಗೆ ನೋಡಲು ಬರುತ್ತಾರೆಂದು ತಿಳಿದಾಗ ತಲೆಗೆ ಹೊಳೆದ ಉಪಾಯ ಇದು. ಏಣಿಯ ಪಾದಕ್ಕೆ ಎರಡು ರಬ್ಬರಿನ ತುಂಡು ಹಾಕಿಸಲಾರದ ಕೈಗಳು ಇಟ್ಟಿಗೆ, ಮರಳು, ಸಿಮೆಂಟು ಹೊರಿಸಿಕೊಂಡು ನಮ್ಮ ಹಳ್ಳಿಗೆ ಬಂದಿದ್ದವು.

ಆದರೆ ನೆಲಸಮದ ಮನೆಗೆ ಮೆಟ್ಟಿಲು ಕಟ್ಟುವುದಾದರೂ ಎಲ್ಲಿಗೆ? ಇಳಿಯಲು ಜಾಗ ಬೇಕಲ್ಲ. ಅದಕ್ಕೆ ಹಿತ್ತಲಿನ ಬಾಗಿಲ ಮುಂದೆ, ನನ್ನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನೆಲವನ್ನೇ ಅಗೆಸಿ ತಗ್ಗು ಮಾಡಿಸಿದ್ದ.

ಮನೆಗೆ ಬಂದಾಗ ಅಂಬುಲೆನ್ಸಿನಿಂದ ನಮ್ಮವರನ್ನು ನಡುಮನೆಯ ಮಂಚಕ್ಕೆ ದಾಟಿಸಿ, ಮೊದಲು ದೇವರಿಗೆ ದೀಪ ಹಚ್ಚಿ, ಆಮೇಲೆ ಹಿತ್ತಲ ಬಾಗಿಲು ತೆಗೆದೆ. ಒಂದಲ್ಲ, ಎರಡಲ್ಲ, ಮೂರು ಮೆಟ್ಟಿಲು. ಹಳೆಯದಾಗಿ ಕಾಣಲಿ ಎಂದು ಮೇಲೆ ಸಗಣಿ ನೀರು ಹುಯ್ಯಿಸಿದ್ದ. ತಗ್ಗಿನಲ್ಲಿ ಬಟ್ಟೆ ಒಗೆದ ನೀರು ನಿಂತು ಸೊಳ್ಳೆ ಆಗಿತ್ತು.

"ಅವ್ನು ಎರಡೇ ಸಾಕು ಅಂದ ಕಣಮ್ಮಿ" ಎಂದು ಪಕ್ಕದ ಮನೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು. "ಗಾರೆಯವ್ನು ಒಪ್ಲಿಲ್ಲ. ಲಾಭ, ನಷ್ಟ ಅಂತ ಎಣಿಸ್ದ. ಎರಡಕ್ಕೆ ನಿಲ್ಸಿದ್ರೆ ನಷ್ಟಕ್ಕೆ ನಿಲ್ತದೆ ಸಾ, ಬಾಳೋರ ಮನೆ, ನನ್ ಕೈಲಿ ಅಂಥ ಕೆಲ್ಸ ಮಾಡಿಸ್ಬ್ಯಾಡಿ ಅಂದ. ಇವ್ನು ಎಷ್ಟೋ ಗದರಿಕೊಂಡ. ಅವ್ನು ಕರಣೆ ಕೆಳಗಿಟ್ಟು ಕೂತ್ಕಂಡುಬುಟ್ಟ. ಕೊನೆಗೆ ಮೂರಾಯ್ತು."

ಅವರು ಬಿದ್ದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ. ಒಳಗಿನಿಂದ ನಮ್ಮವರು, "ಏನಂತೆ?" ಎಂದು ಕೂಗಿದರು. ಹೇಳಿದೆ. ಅವರಿಗೆ ನಗು ಬರಲಿಲ್ಲ. "ನನ್ ಮನೆ ನೆಲ ಅಗೆಸವ್ನಾ?" ಎಂದಷ್ಟೇ ಕೇಳಿದರು.

ವಿಮೆಯ ಕಚೇರಿಯ ಅಧಿಕಾರಿ ಬಂದ ದಿನ ಸೂಪರ್‌ವೈಸರ್ ಅವರಿಗಿಂತ ಮೊದಲೇ ಬಂದು ಕುಳಿತಿದ್ದ. ನಮ್ಮ ಮನೆಯ ಬಾಗಿಲಲ್ಲಿ ನಿಂತು ತನ್ನದೇ ಮನೆಗೆ ಸ್ವಾಗತಿಸುವ ಹಾಗೆ ಅಧಿಕಾರಿಯನ್ನು, "ಬನ್ನಿ ಸಾ, ಹಿಂದ್ಗಡೆ ತೋರಿಸ್ತೀನಿ" ಎಂದು ಕರೆದ. ನಾನು ಒಂದು ಲೋಟ ಮಜ್ಜಿಗೆ ತಂದು ಅಧಿಕಾರಿಗೆ ಕೊಟ್ಟೆ. ಅವನಿಗೂ ಕೊಟ್ಟೆ. ಮನೆಗೆ ಬಂದವರಿಗೆ ಕೊಡದಿರುವುದು ನನಗೆ ಗೊತ್ತಿಲ್ಲ.

ಅಧಿಕಾರಿ ಹಿತ್ತಲಿಗೆ ಬಂದು ಮೆಟ್ಟಿಲು ನೋಡಿದರು. ಕಾಗದ ನೋಡಿದರು. "ಎರಡು ಮೆಟ್ಲು ಅಂತ ಬರ್ಕೊಟ್ಟಿದ್ದೀರಲ್ಲ?"

"ಸಾ, ಒಂದು ಹೊಸಿಲು ಅಂತ ಲೆಕ್ಕ ಬಿಟ್ಟಿದ್ದೆ ಸಾ."

ಬೇಲಿಯ ಆಚೆಯಿಂದ ಪಕ್ಕದ ಮನೆ ಅಕ್ಕ ಕೇಳಿಸುವ ಹಾಗೆಯೇ ಅಂದಳು: "ಅಯ್ಯೋ ಬುದ್ಧಿ, ಗಾರೆಯವ್ನು ನಷ್ಟಕ್ಕೆ ನಿಲ್ಸಲ್ಲ ಅಂದ. ಇಲ್ದಿದ್ರೆ ಈ ಸಾಯೇಬ್ರು ಎರಡೇ ಕಟ್ಸೋರು. ಪಾಪ, ಅವ್ರ ತಪ್ಪಿಲ್ಲ."

ಅಧಿಕಾರಿ ಒಳಗೆ ಬಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ನಮ್ಮವರ ಮುಖ ನೋಡಿದರು. "ನೀವು ಹೇಳಿ. ನಿಮ್ಮ ಹೆಂಡತಿ ಹೇಳಿದ್ದು ಸಾಲಲ್ಲ, ಇವರು ಹೇಳಿದ್ದೂ ಸಾಲಲ್ಲ. ಬಿದ್ದಿದ್ದು ನೀವು."

ನಾನು ಬಾಗಿಲಿನ ಹತ್ತಿರ ನಿಂತಿದ್ದೆ. ನನಗೆ ಗೊತ್ತಿತ್ತು, ಇಲ್ಲಿ ಅವರು ಮನೆ ಎಂದುಬಿಟ್ಟರೆ ಮುಗಿಯಿತು. ಮುಂದಿನ ಚಿಕಿತ್ಸೆ, ರಜೆ, ಕಾಲು ಬರದಿದ್ದರೆ ಬದುಕು, ಎಲ್ಲ ನಮ್ಮ ತಲೆಯ ಮೇಲೆ. ಅವರೋ ಇನ್ನೂ ಆ ಗೇಟಿನ ಒಳಗೆ ಹೋಗಿ ದುಡಿಯಬೇಕೆನ್ನುವವರು. ನಾನು ಸ್ವಾಮಿಯ ಹೆಸರು ಹೇಳಿಕೊಂಡೆ, ಅವರ ಕಡೆ ನೋಡಲಿಲ್ಲ. ನೋಡಿದರೆ ಒತ್ತಾಯ ಮಾಡಿದ ಹಾಗಾಗುತ್ತದೆ.

ನಮ್ಮವರು ಸೂಪರ್‌ವೈಸರ್ ಕಡೆ ಕತ್ತು ತಿರುಗಿಸಿ ಸಣ್ಣ ದನಿಯಲ್ಲಿ ಕೇಳಿದರು: "ಸಾ, ಏಣಿಗೆ ಬುಷ್ಷು ಹಾಕ್ಸಿದ್ರಾ?"

ಅವನು ಅಧಿಕಾರಿಯ ಮುಖ ನೋಡಿ, ನಮ್ಮವರ ಮುಖ ನೋಡಿ, "ಯಾವ ಏಣಿ?" ಎಂದ.

"ಯಾವ ಏಣಿ" ಎಂದು ನಮ್ಮವರೂ ಅಂದರು. "ನಾನ್ ಬಿದ್ನಲ್ಲ, ಆ ಏಣಿ ಸಾ. ನೀವು ಹಿಡ್ಕೊಂಡಿದ್ರಲ್ಲ, ಆ ಏಣಿ. ಈಗ ಅದ್ರ ಮೇಲೆ ಇನ್ನೊಬ್ಬ ಹತ್ತುತಾವ್ನೆ, ಅವ್ನಿಗೂ ಹಿಡ್ಕೊತೀನಿ ಅಂತ ಏಳಿರ್ತೀರಿ. ಬುಷ್ಷು ಕಿಟ್ಕಿ ಮೇಲವೆ. ತಗ್ದು ಹಾಕ್ಸಿ ಸಾ, ಕೈಮುಗೀತೀನಿ."

ಅಧಿಕಾರಿ ಬರೆದುಕೊಂಡರು. ಸೂಪರ್‌ವೈಸರ್ ಮಜ್ಜಿಗೆ ಲೋಟವನ್ನು ಕುಡಿಯದೆ ಕಿಟಕಿಯ ಮೇಲಿಟ್ಟು ಹೊರಟುಹೋದ. ಅದನ್ನು ತೆಗೆದು ಹಸುವಿನ ಕಲಗಚ್ಚಿಗೆ ಸುರಿದೆ.

ಆಮೇಲೆ ಕಾರ್ಖಾನೆಯಲ್ಲಿ ಆದ ಅಪಘಾತ ಎಂದೇ ತೀರ್ಮಾನವಾಯಿತು. ಗೇಟಿನ ಬೋರ್ಡು ಸೊನ್ನೆಗೆ ಇಳಿಯಿತಂತೆ. ಜೊತೆಯ ಕೆಲಸದವರು ಫೋನು ಮಾಡಿ ಹೇಳಿದರು, ಬುಷ್ಷು ಹಾಕಿದ್ದಾರೆ ಎಂದೂ ಹೇಳಿದರು. ಸೂಪರ್‌ವೈಸರ್ ಅಲ್ಲೇ ಇದ್ದಾನೆ. ಅಂಥವರು ಎಲ್ಲಿಂದಲೂ ಬೀಳುವುದಿಲ್ಲ, ಅವರು ಏಣಿ ಹತ್ತುವುದೇ ಇಲ್ಲವಲ್ಲ.

ನಮ್ಮವರು ಬೆನ್ನಿಗೆ ಬೆಲ್ಟು ಕಟ್ಟಿಕೊಂಡು ಮೊದಲು ಕೂತರು, ಎಡಗಾಲಿನ ಪ್ಲಾಸ್ಟರ್ ಬಿಚ್ಚಿದ ಮೇಲೆ ವಾಕರ್ ಹಿಡಿದು ನಿಂತರು, ಆಮೇಲೆ ನಡುಮನೆಯಿಂದ ದೇವರ ಗೂಡಿನವರೆಗೆ ನಡೆದರು. ಬಲಗಾಲಿನಲ್ಲಿ ಜೋಮು ಇನ್ನೂ ಸ್ವಲ್ಪ ಉಳಿದಿದೆ. ಚಪ್ಪಲಿ ಜಾರಿದರೆ ಗೊತ್ತಾಗುವುದಿಲ್ಲ. ಆದರೆ ಕಾಲು ಅವರದೇ, ಅವರು ಹೇಳಿದ ಕಡೆ ಹೋಗುತ್ತದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಹಿತ್ತಲಿನ ಮೆಟ್ಟಿಲು ಒಡೆದು ತಗ್ಗು ಮುಚ್ಚಿಸೋಣವೆಂದು ಪಕ್ಕದ ಮನೆಯಿಂದ ಹಾರೆ ತಂದು ಬಾಗಿಲಿಗೆ ಒರಗಿಸಿಟ್ಟಿದ್ದೆ. ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಅದೇ ದಿನ ಮೈಸೂರಿನಲ್ಲಿ ವ್ಯಾಯಾಮ ಕಲಿಸುವ ಹುಡುಗಿಯ ಹತ್ತಿರ ಹೋಗುವುದಿತ್ತು. ಅವಳು ಕಾಲು ಎತ್ತಿಸಿ ಇಳಿಸಿ ನೋಡಿ, "ಇನ್ನು ಹತ್ತಿ ಇಳಿಯೋದು ಅಭ್ಯಾಸ ಮಾಡಿಸ್ಬೇಕು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಮನೇಲಿ ಮೆಟ್ಲಿದ್ಯಾಮ್ಮ?"

ನಾನು ನಮ್ಮವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ಅವೆ ಕಣಮ್ಮ" ಎಂದರು ಅವರು. "ಕಂಪ್ನಿಯವ್ರು ಕಟ್ಸಿಕೊಟ್ಟವ್ರೆ."

ಹಾರೆಯನ್ನು ವಾಪಸು ಕೊಟ್ಟೆ. ತಗ್ಗಿನ ನೀರು ಹೋಗಲು ಕಾಲುವೆ ತೋಡಿ, ಮೆಟ್ಟಿಲಿಗೆ ಒರಟು ಗೋಣಿ ಹಾಸಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಬಿದಿರು ನೆಟ್ಟೆ. ಸಂಜೆ ತುಳಸಿಗೆ ದೀಪ ಇಟ್ಟ ಮೇಲೆ ಅವರು ಇಳಿಯುತ್ತಾರೆ, ಹತ್ತುತ್ತಾರೆ. ನಾನು ಕೆಳಗೆ ನಿಂತು ಅವರ ಸೊಂಟದ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಿರುತ್ತೇನೆ. ಹತ್ತುವಾಗ ಪ್ರತಿ ಮೆಟ್ಟಿಲಿಗೂ ಅವರು ಗಟ್ಟಿಯಾಗಿ ಎಣಿಸುತ್ತಾರೆ, ಲಾಭ, ನಷ್ಟ, ಲಾಭ. ಆಟೊ ಬಂದರೂ ಫೋನು ಬಂದರೂ ಅವರು ಬಾಗಿಲೊಳಗೆ ಕಾಲಿಡುವವರೆಗೆ ನಾನು ಕೈ ಬಿಡುವುದಿಲ್ಲ.